ಸಿಸೆರೊನ ಮಗ ಬರೀ ಕುಡುಕನೆ?

ರೋಮಿನ ಮಹಾವಾಗ್ಮಿ, ರಾಜಕಾರಣಿ ಮಾರ್ಕಸ್ ಟುಲಿಯಸ್ ಸಿಸೆರೊನಿಗೆ ಇದ್ದವನು ಒಬ್ಬನೇ ಮಗ. ಹೆಸರೂ ಅಪ್ಪನದೇ. ಈ ಮಗನ ಬಗ್ಗೆ ಹಳೆಯ ಗ್ರಂಥಗಳನ್ನು ತೆರೆದರೆ ಮೊದಲು ಎದುರಾಗುವುದು ಮದ್ಯದ ಲೆಕ್ಕ. ಒಂದೇ ಉಸಿರಿಗೆ ಎರಡು ಕಾಂಜಿಯಸ್, ಅಂದರೆ ಸುಮಾರು ಆರೂವರೆ ಲೀಟರ್ ದ್ರಾಕ್ಷಾರಸ ಇಳಿಸುತ್ತಿದ್ದನಂತೆ. ಅಮಲೇರಿದಾಗ ಒಮ್ಮೆ ಸೇನಾಪತಿ ಅಗ್ರಿಪ್ಪಾನ ಮೇಲೆ ಬಟ್ಟಲು ಎಸೆದಿದ್ದನಂತೆ. ಇದನ್ನು ದಾಖಲಿಸಿದವನು ರೋಮನ್ ಲೇಖಕ ಹಿರಿಯ ಪ್ಲಿನಿ. ಹಿರಿಯ ಸೆನೆಕಾ ಇನ್ನೊಂದು ಸೇರಿಸುತ್ತಾನೆ: ಅಪ್ಪನ ಪ್ರತಿಭೆಯಲ್ಲಿ ಮಗನಿಗೆ ಬಂದದ್ದು ಮಾತಿನ ಚಾಟಿ ಮಾತ್ರ, ನೆನಪಿನ ಶಕ್ತಿಯನ್ನು ಪ್ರಕೃತಿಯೇ ಕಿತ್ತುಕೊಂಡಿತ್ತು, ಅಳಿದುಳಿದದ್ದನ್ನು ಕುಡಿತ ತಿಂದುಹಾಕಿತು. ಕೊನೆಗೆ ಅವನ ಮಗ, ತತ್ವಜ್ಞಾನಿಯಾದ ಕಿರಿಯ ಸೆನೆಕಾ ಒಂದೇ ಪ್ರಶ್ನೆಯಲ್ಲಿ ಕಥೆ ಮುಗಿಸಿದ: ಸಿಸೆರೊನ ಮಗನನ್ನು ಕಾನ್ಸಲ್ ಮಾಡಿದ್ದು ಅವನ ಅಪ್ಪನಲ್ಲದೆ ಮತ್ತೇನು? ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತು ಎನ್ನುವ ತೀರ್ಪು.

ಈ ತೀರ್ಪು ಎರಡು ಸಾವಿರ ವರ್ಷ ನಿಂತಿದೆ. ಅದರಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಉಳಿದ ಅರ್ಧ ತಿಳಿಯಬೇಕಾದರೆ ಮಗನ ಜೀವನವನ್ನೂ ಅವನನ್ನು ಅಳೆದವರ ಅಳತೆಗೋಲನ್ನೂ ಜೊತೆಗಿಟ್ಟು ನೋಡಬೇಕು. ಗೊಂದಲವಾಗದಿರಲೆಂದು ಇಲ್ಲಿ ಅಪ್ಪನನ್ನು ಸಿಸೆರೊ, ಮಗನನ್ನು ಮಾರ್ಕಸ್ ಎಂದು ಕರೆಯುತ್ತೇನೆ.

ಮಾರ್ಕಸ್ ಹುಟ್ಟಿದ್ದು ಕ್ರಿ.ಪೂ. 65ರಲ್ಲಿ. ಆಪ್ತಮಿತ್ರ ಅಟಿಕಸ್‌ನಿಗೆ ಸಿಸೆರೊ ಈ ಸುದ್ದಿಯನ್ನು ಒಂದು ಸಾಲಿನಲ್ಲಿ ತಿಳಿಸುತ್ತಾನೆ: ಗಂಡು ಮಗುವಾಗಿದೆ, ಹೆಂಡತಿ ಟೆರೆನ್ಷಿಯಾ ಕ್ಷೇಮ. ಮರುಕ್ಷಣವೇ ಪತ್ರ ಚುನಾವಣೆಯ ಕಡೆ ಹೊರಳುತ್ತದೆ. ಕಾನ್ಸಲ್ ಹುದ್ದೆಗೆ ತನ್ನ ಪ್ರತಿಸ್ಪರ್ಧಿಯಾದ ಕ್ಯಾಟಿಲೈನನ ಪರವಾಗಿಯೇ ವಕಾಲತ್ತು ವಹಿಸಿದರೆ ಹೇಗೆ ಎಂಬ ಯೋಚನೆಯಲ್ಲಿದ್ದಾನೆ ಹೊಸ ಅಪ್ಪ. ಎರಡು ವರ್ಷದ ನಂತರ ಅದೇ ಕ್ಯಾಟಿಲೈನನ ಪಿತೂರಿಯನ್ನು ಬಯಲಿಗೆಳೆದು ಅವನು ‘ದೇಶದ ಪಿತ’ ಎನಿಸಿಕೊಳ್ಳುವವನಿದ್ದ.

ರೋಮ್ ಗಣರಾಜ್ಯದ ಅತ್ಯುನ್ನತ ಹುದ್ದೆ ಕಾನ್ಸಲ್. ವರ್ಷಕ್ಕೆ ಇಬ್ಬರು. ಈ ಹುದ್ದೆ ಬಹುಮಟ್ಟಿಗೆ ಕೆಲವೇ ಮನೆತನಗಳ ಸೊತ್ತಾಗಿತ್ತು; ಹಿಂದೆ ಯಾರೂ ಕಾನ್ಸಲ್ ಆಗಿರದ ಮನೆಯಿಂದ ಬಂದವನನ್ನು ‘ಹೊಸಬ’ ಎಂದು ಮೂಗು ಮುರಿಯುತ್ತಿದ್ದರು. ಅರ್ಪಿನಮ್ ಎಂಬ ಸಣ್ಣ ಊರಿನಿಂದ ಬಂದ ಸಿಸೆರೊ ಅಂಥ ಹೊಸಬ. ಕ್ರಿ.ಪೂ. 63ರಲ್ಲಿ ಅವನು ಕಾನ್ಸಲ್ ಆದ ದಿನವೇ ಮನೆತನದ ಅಂತಸ್ತು ಬದಲಾಯಿತು. ಅಪ್ಪ ಬೆವರು ಸುರಿಸಿ ಗಳಿಸಿದ ಕುಲೀನತೆ ಎರಡು ವರ್ಷದ ಮಗನಿಗೆ ತೊಟ್ಟಿಲಲ್ಲೇ ದಕ್ಕಿತು. ಹಾಗಾಗಿ ಮಾರ್ಕಸ್ ಕಾನ್ಸಲ್ ಆದರೆ ಅದು ಸಾಧನೆಯಲ್ಲ, ಆಗದಿದ್ದರೆ ಮಾತ್ರ ಸುದ್ದಿ. ಕಿರಿಯ ಸೆನೆಕಾನ ಪ್ರಶ್ನೆ ರೋಮಿನ ಅರ್ಧಕ್ಕರ್ಧ ಕಾನ್ಸಲರಿಗೆ ಅನ್ವಯಿಸುತ್ತದೆ. ಆದರೂ ಕೇಳಿದ್ದು ಇವನನ್ನು. ಏಕೆಂದರೆ ಇವನ ಅಪ್ಪ ಸಿಸೆರೊ.

ಕ್ರಿ.ಪೂ. 51ರಲ್ಲಿ ಸಿಸೆರೊ ಸಿಲೀಸಿಯಾ ಪ್ರಾಂತ್ಯದ ಗವರ್ನರ್ ಆಗಿ ಹೊರಟಾಗ ಮಗನನ್ನೂ ತಮ್ಮನ ಮಗ ಕ್ವಿಂಟಸ್‌ನನ್ನೂ ಕರೆದುಕೊಂಡು ಹೋದ. ಅಲ್ಲಿಂದ ಬರೆದ ಪತ್ರವೊಂದರಲ್ಲಿ ಹುಡುಗರ ಬಗ್ಗೆ ಒಂದು ಮಾತಿದೆ: ಒಬ್ಬನಿಗೆ ಕಡಿವಾಣ ಬೇಕು, ಇನ್ನೊಬ್ಬನಿಗೆ ಚುಚ್ಚುಮುಳ್ಳು. ಕಡಿವಾಣ ಬೇಕಿದ್ದವನು ಚುರುಕಿನ ಕ್ವಿಂಟಸ್, ಚುಚ್ಚಬೇಕಿದ್ದವನು ಮಾರ್ಕಸ್ ಎಂದೇ ಎಲ್ಲರೂ ಓದುತ್ತಾರೆ. ‘ದಡ್ಡ ಮಗ’ ಎಂಬ ಹಣೆಪಟ್ಟಿಯ ಮೊದಲ ಅಕ್ಷರ ಬಿದ್ದದ್ದು ಇಲ್ಲಿಯೇ.

ಆದರೆ ಓದಿನ ಕೋಣೆಯಿಂದ ಹೊರಗೆ ಬಂದರೆ ಬೇರೆಯೇ ಹುಡುಗ ಕಾಣುತ್ತಾನೆ. ಕ್ರಿ.ಪೂ. 49ರಲ್ಲಿ ಸೀಸರ್ ಮತ್ತು ಪಾಂಪೆಯ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಆ ವರ್ಷವೇ ಅರ್ಪಿನಮ್‌ನಲ್ಲಿ ಪ್ರಾಯಕ್ಕೆ ಬಂದ ಗುರುತಿನ ಉಡುಪು ತೊಟ್ಟ ಮಾರ್ಕಸ್, ಪಾಂಪೆಯ ಪಾಳೆಯದಲ್ಲಿ ಅಶ್ವದಳದ ತುಕಡಿಯೊಂದನ್ನು ನಡೆಸಿದ. ವಯಸ್ಸು ಹದಿನಾರರ ಆಸುಪಾಸು. ಕುದುರೆ ಸವಾರಿ, ಭರ್ಜಿ ಎಸೆತ, ಸೈನಿಕನ ಕಷ್ಟಗಳನ್ನು ತಾಳಿಕೊಳ್ಳುವ ಗುಣ – ಇವುಗಳಿಗಾಗಿ ಪಾಂಪೆಯಿಂದಲೂ ಸೈನ್ಯದಿಂದಲೂ ನೀನು ಮೆಚ್ಚುಗೆ ಪಡೆದೆ ಎಂದು ಅಪ್ಪನೇ ಮುಂದೆ ನೆನಪಿಸುತ್ತಾನೆ. ಆದರೆ ಕೂಡಲೇ ಮತ್ತೊಂದು ಸಾಲು: ನಿನ್ನ ಆ ಕೀರ್ತಿ ಗಣರಾಜ್ಯದ ಜೊತೆಯಲ್ಲೇ ಬಿದ್ದುಹೋಯಿತು. ಸೋತ ಪಕ್ಷದ ಶೌರ್ಯಕ್ಕೆ ಪಿಂಚಣಿ ಇಲ್ಲ. ಮಗನ ಮನಸ್ಸು ಮಾತ್ರ ಯುದ್ಧದಲ್ಲೇ ನೆಟ್ಟಿತ್ತು; ಸೀಸರ್ ಸ್ಪೇನಿಗೆ ಹೊರಟಾಗ ತಾನೂ ಹೋಗುತ್ತೇನೆಂದ. ಪಕ್ಷ ಬದಲಿಸಿದನೆಂಬ ಮಾತು ಬರುತ್ತದೆಂದು ಅಪ್ಪ ತಡೆದ. ಅದರ ಬದಲು ಕ್ರಿ.ಪೂ. 45ರಲ್ಲಿ ಅವನನ್ನು ಅಥೆನ್ಸಿಗೆ, ತತ್ವಶಾಸ್ತ್ರ ಕಲಿಯಲು ಕಳಿಸಿದ.

ಆಗ ಮನೆಯ ಸ್ಥಿತಿಯೂ ಚೆನ್ನಾಗಿರಲಿಲ್ಲ. ಸಿಸೆರೊ ಟೆರೆನ್ಷಿಯಾಳಿಂದ ವಿಚ್ಛೇದನ ಪಡೆದು, ತನ್ನ ಪಾಲನೆಯಲ್ಲಿದ್ದ ಹದಿಹರೆಯದ ಪುಬ್ಲೀಲಿಯಾಳನ್ನು ಮದುವೆಯಾಗಿದ್ದ. ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಮಗಳು ಟುಲಿಯಾ ತೀರಿಕೊಂಡಳು. ಹೊಸ ಮದುವೆಯೂ ಬೇಗ ಮುರಿದುಬಿತ್ತು. ಅಮ್ಮ ದೂರವಾದಳು, ಅಕ್ಕ ಇಲ್ಲವಾದಳು, ಅಪ್ಪ ದುಃಖದಲ್ಲಿ ಮುಳುಗಿ ಪುಸ್ತಕದ ಮೇಲೆ ಪುಸ್ತಕ ಬರೆಯುತ್ತಿದ್ದ. ಇಪ್ಪತ್ತರ ಹುಡುಗ ಕೈತುಂಬ ಹಣದೊಂದಿಗೆ ಅಥೆನ್ಸಿನಲ್ಲಿದ್ದ. ರೋಮಿನ ಆರ್ಜಿಲೇಟಮ್ ಮತ್ತು ಅವೆಂಟೈನ್‌ನಲ್ಲಿದ್ದ ಮನೆಗಳ ಬಾಡಿಗೆಯನ್ನು ಅವನ ಖರ್ಚಿಗೆಂದೇ ಗೊತ್ತುಮಾಡಲಾಗಿತ್ತು; ಅಲ್ಲಿದ್ದ ದೊಡ್ಡ ಮನೆತನದ ಹುಡುಗರಿಗಿಂತ ತನ್ನ ಮಗ ಕಡಿಮೆಯಾಗಿ ಕಾಣಬಾರದೆಂಬುದು ಅಪ್ಪನ ಹಟ. ಹೊಸಬನ ಗಾಯ ಮಾಸಿರಲಿಲ್ಲ.

ಫಲ ಏನಾಗಬೇಕೋ ಅದೇ ಆಯಿತು. ಗೋರ್ಗಿಯಾಸ್ ಎಂಬ ವಾಕ್ಕಲೆಯ ಗುರು ಹುಡುಗನನ್ನು ಮೋಜಿಗೂ ಕುಡಿತಕ್ಕೂ ಎಳೆಯುತ್ತಿದ್ದಾನೆಂಬ ಸುದ್ದಿ ರೋಮ್ ಮುಟ್ಟಿತು. ಸಿಸೆರೊ ಕೆಂಡವಾದ, ಆ ಗುರುವನ್ನು ತಕ್ಷಣ ಬಿಡಬೇಕೆಂದು ಮಗನಿಗೆ ಆಜ್ಞೆ ಹೋಯಿತು. ಇದಾದ ಮೇಲೆ ಮಾರ್ಕಸ್ ಬರೆದ ಪತ್ರವೊಂದು ಅದೃಷ್ಟವಶಾತ್ ನಮಗೆ ಉಳಿದಿದೆ. ಬರೆದದ್ದು ಅಪ್ಪನಿಗಲ್ಲ, ಅಪ್ಪನ ಕಾರ್ಯದರ್ಶಿಯಾಗಿದ್ದ, ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಟಿರೊನಿಗೆ. ಟಿರೊನ ಪತ್ರ ರೋಮಿನಿಂದ ಅಥೆನ್ಸಿಗೆ ಬರಲು ನಲವತ್ತಾರು ದಿನ ಹಿಡಿದಿತ್ತು. ಇದು ಅದಕ್ಕೆ ಉತ್ತರ.

ಈ ಪತ್ರವನ್ನು ಓದಿದರೆ ಮಾರ್ಕಸ್ ದಡ್ಡ ಎಂದು ಹೇಳಲು ನಾಲಗೆ ಏಳುವುದಿಲ್ಲ. ಯೌವನದ ತಪ್ಪುಗಳು ನನ್ನನ್ನು ಎಷ್ಟು ಹಿಂಸಿಸುತ್ತಿವೆಯೆಂದರೆ, ಮನಸ್ಸು ಆ ಕೆಲಸಗಳಿಂದ ಮಾತ್ರವಲ್ಲ, ಕಿವಿಯೂ ಅವುಗಳ ಹೆಸರೆತ್ತುವುದರಿಂದ ಹಿಂಜರಿಯುತ್ತಿದೆ ಎನ್ನುತ್ತಾನೆ. ಗುರು ಕ್ರಾಟಿಪ್ಪಸ್ ಜೊತೆ ಶಿಷ್ಯನಂತಲ್ಲ, ಮಗನಂತೆ ಇದ್ದೇನೆ. ಅವರು ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದು, ತತ್ವಜ್ಞಾನದ ಗಾಂಭೀರ್ಯ ಬದಿಗಿಟ್ಟು ತಮಾಷೆ ಮಾಡುತ್ತಾರೆ ಎನ್ನುತ್ತಾನೆ. ಬ್ರೂಟಿಯಸ್ ಎಂಬ ಜೊತೆಗಾರನಿಗೆ ಪಕ್ಕದಲ್ಲೇ ಬಾಡಿಗೆಗೆ ಜಾಗ ಹಿಡಿದುಕೊಟ್ಟು, ನನ್ನ ಇಕ್ಕಟ್ಟಿನಲ್ಲೂ ಅವನ ಬಡತನಕ್ಕೆ ಆಸರೆಯಾಗಿದ್ದೇನೆ ಎನ್ನುತ್ತಾನೆ. ‘ಇಕ್ಕಟ್ಟು’ ಎಂಬ ಪದ ಅಪ್ಪನ ಕಿವಿಗೆ ಬೀಳಲೆಂದೇ ಇಟ್ಟದ್ದು. ಗೋರ್ಗಿಯಾಸ್ ದಿನನಿತ್ಯದ ಭಾಷಣಾಭ್ಯಾಸಕ್ಕೆ ಉಪಯೋಗಕ್ಕೆ ಬರುತ್ತಿದ್ದ, ಆದರೂ ಅಪ್ಪನ ಮಾತೇ ಹೆಚ್ಚೆಂದು ಬಿಟ್ಟೆ ಎಂಬ ಒಗ್ಗರಣೆಯೂ ಇದೆ. ಆಮೇಲೆ ಟಿರೊ ಹೊಲ ಕೊಂಡ ಸುದ್ದಿಗೆ ಚೇಷ್ಟೆ: ನೀನೀಗ ರೋಮಿನ ಹಳ್ಳಿಗ! ಬೇಸಾಯದ ಸಾಮಾನು ಕೊಳ್ಳುತ್ತ, ಮೇಟಿಯ ಜೊತೆ ಮಾತಾಡುತ್ತ, ಊಟದ ಕೊನೆಯ ಹಣ್ಣಿನ ಬೀಜಗಳನ್ನು ಉಡುಪಿನ ಮಡಿಲಲ್ಲಿ ಕಟ್ಟಿಕೊಳ್ಳುವ ನಿನ್ನನ್ನು ಕಣ್ಣೆದುರು ಕಾಣುತ್ತಿದ್ದೇನೆ. ಇಷ್ಟೆಲ್ಲ ಆದಮೇಲೆ ಕೊನೆಯಲ್ಲಿ ಬೇಡಿಕೆ: ಪಾಠದ ಟಿಪ್ಪಣಿ ನಕಲು ಮಾಡುವುದರಲ್ಲೇ ಹೊತ್ತು ಹೋಗುತ್ತಿದೆ, ಒಬ್ಬ ಬರೆಯುವವನನ್ನು ಕಳಿಸಿಕೊಡು, ಗ್ರೀಕ್ ಬಲ್ಲವನಾದರೆ ಒಳ್ಳೆಯದು.

ಪಶ್ಚಾತ್ತಾಪ ಎಷ್ಟು ನಿಜ, ಎಷ್ಟು ನಾಟಕ? ಸಿಸೆರೊನಿಗೂ ಇದೇ ಅನುಮಾನ. ಮಗನಿಂದ ಬಂದ ಮತ್ತೊಂದು ಉದ್ದನೆಯ ಪತ್ರದ ಬಗ್ಗೆ ಅವನು ಅಟಿಕಸ್‌ಗೆ ಬರೆದದ್ದು ಇದು: ಮಿಕ್ಕಿದ್ದೆಲ್ಲ ನಟನೆಯಾಗಿರಬಹುದು, ಆದರೆ ಬರವಣಿಗೆಯ ಹದ ನೋಡಿದರೆ ಓದು ಮುಂದುವರಿದಿದೆ. ಮಗನ ಮನಸ್ಸಿಗಿಂತ ಮಗನ ಶೈಲಿಯನ್ನು ನಂಬುವ ಅಪ್ಪ!

ಕ್ರಿ.ಪೂ. 44ರ ಕೊನೆಯ ತಿಂಗಳುಗಳಲ್ಲಿ ಸಿಸೆರೊ ಬರೆದ ‘ಕರ್ತವ್ಯಗಳ ಕುರಿತು’ ಎಂಬ ಮೂರು ಭಾಗಗಳ ಗ್ರಂಥ ಮಗನನ್ನೇ ಉದ್ದೇಶಿಸಿದ್ದು. ಯುರೋಪ್ ಶತಮಾನಗಳ ಕಾಲ ನೀತಿಪಾಠಕ್ಕೆ ಆಧಾರವಾಗಿಟ್ಟುಕೊಂಡ ಪುಸ್ತಕ ಅದು. 1465ರಷ್ಟು ಬೇಗ ಜರ್ಮನಿಯ ಮೈಂಟ್ಸ್‌ನಲ್ಲಿ ಅಚ್ಚಾದ ಕೃತಿ. ಕ್ರಾಟಿಪ್ಪಸ್‌ನ ಬಳಿ ಒಂದು ವರ್ಷ ಕಲಿತಿದ್ದೀಯೆ, ಅದೂ ಅಥೆನ್ಸಿನಲ್ಲಿ, ತತ್ವಜ್ಞಾನ ನಿನ್ನಲ್ಲಿ ತುಂಬಿ ತುಳುಕುತ್ತಿರಬೇಕು ಎಂದು ಪುಸ್ತಕ ಆರಂಭವಾಗುತ್ತದೆ. ಮುಗಿಯುವುದು ಹೀಗೆ: ನೀನು ನನಗೆ ಅತ್ಯಂತ ಪ್ರಿಯ, ಇಂಥ ಉಪದೇಶಗಳಲ್ಲಿ ಸಂತೋಷ ಕಂಡರೆ ಇನ್ನೂ ಪ್ರಿಯನಾಗುವೆ. ಪ್ರೀತಿಗೆ ಹೀಗೆ ಷರತ್ತು ಅಂಟಿಸಿ, ಅದನ್ನು ಜಗತ್ತೇ ಓದುವಂತೆ ಪ್ರಕಟಿಸಿದರೆ ಮಗ ಯಾವತ್ತೂ ಪರೀಕ್ಷೆಯ ಕೋಣೆಯಲ್ಲೇ ಕುಳಿತಿರಬೇಕಾಗುತ್ತದೆ. ಪುಸ್ತಕವನ್ನು ಓದಿದ ಪ್ರತಿಯೊಬ್ಬನೂ ‘ಮಗ ಪಾಸಾದನೆ?’ ಎಂದು ಕೇಳಿಯೇ ಕೇಳುತ್ತಾನೆ.

ಮಗ ಉತ್ತರ ಕೊಟ್ಟದ್ದು ಕುದುರೆಯ ಮೇಲಿಂದ. ಸೀಸರ್‌ನನ್ನು ಕೊಂದ ಬ್ರೂಟಸ್ ಕ್ರಿ.ಪೂ. 44ರ ಶರತ್ಕಾಲದಲ್ಲಿ ಅಥೆನ್ಸಿಗೆ ಬಂದ. ಹಗಲು ತತ್ವಜ್ಞಾನಿಗಳ ಉಪನ್ಯಾಸ ಕೇಳುತ್ತ, ಒಳಗೊಳಗೇ ರೋಮನ್ ವಿದ್ಯಾರ್ಥಿಗಳನ್ನು ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿದ್ದ. ಮಾರ್ಕಸ್ ಸೇರಿದ. ಅಲ್ಲೇ ಓದುತ್ತಿದ್ದ ಕವಿ ಹೊರೇಸ್ ಕೂಡ ಸೇರಿದ. ನಿದ್ದೆಯಲ್ಲೂ ಎಚ್ಚರದಲ್ಲೂ ಈ ಹುಡುಗನ ಔದಾರ್ಯವನ್ನೂ ಸರ್ವಾಧಿಕಾರಿಗಳ ಮೇಲಿನ ದ್ವೇಷವನ್ನೂ ಮೆಚ್ಚುತ್ತೇನೆ ಎಂದು ಬ್ರೂಟಸ್ ಹೇಳಿದನೆಂದು ಗ್ರೀಕ್ ಚರಿತ್ರಕಾರ ಪ್ಲುಟಾರ್ಕ್ ಬರೆಯುತ್ತಾನೆ. ಕೆಲಸವೂ ಮಾತಿಗೆ ತಕ್ಕಂತಿತ್ತು: ಸೀಸರನ ಆಪ್ತ ಸೇನಾನಿಯಾಗಿದ್ದ ಆಂಟನಿಯ ಕಡೆಯ ಒಂದು ಇಡೀ ಲೀಜನ್ (ಸಾವಿರಾರು ಸೈನಿಕರ ಪಡೆ) ಮಾರ್ಕಸ್‌ಗೆ ಶರಣಾಯಿತು, ಆಂಟನಿಯ ತಮ್ಮ ಗಾಯಸ್‌ನನ್ನು ಅವನು ಯುದ್ಧದಲ್ಲಿ ಸೋಲಿಸಿದ. ರೋಮಿನ ಸೆನೆಟ್‌ನಲ್ಲಿ ಆಂಟನಿಯ ವಿರುದ್ಧ ಭಾಷಣ ಮಾಡುತ್ತಿದ್ದ ಸಿಸೆರೊ ಲೀಜನ್ ಶರಣಾದ ಸುದ್ದಿಯನ್ನು ಹೆಮ್ಮೆಯಿಂದ ಸಭೆಗೆ ಹೇಳಿದ. ಬಹುಶಃ ಮಗನ ಬಗ್ಗೆ ಅವನು ಷರತ್ತಿಲ್ಲದೆ ಸಂತೋಷಪಟ್ಟ ಒಂದೇ ಸಂದರ್ಭ.

ವರ್ಷ ಮುಗಿಯುವುದರೊಳಗೆ ಎಲ್ಲವೂ ತಲೆಕೆಳಗಾಯಿತು. ಆಂಟನಿ, ಲೆಪಿಡಸ್ ಮತ್ತು ಸೀಸರ್‌ನ ದತ್ತುಪುತ್ರ ಆಕ್ಟೇವಿಯನ್ ಮೂವರೂ ಒಂದಾಗಿ ಕೊಲ್ಲಬೇಕಾದವರ ಪಟ್ಟಿ ಮಾಡಿದರು. ಆಕ್ಟೇವಿಯನ್‌ನನ್ನು ಸೆನೆಟ್‌ನಲ್ಲಿ ಎತ್ತಿ ಹಿಡಿದು ಬೆಳೆಸಿದವನೇ ಸಿಸೆರೊ. ಅವನ ಹೆಸರನ್ನು ಪಟ್ಟಿಗೆ ಸೇರಿಸುವುದಕ್ಕೆ ಆಕ್ಟೇವಿಯನ್ ಎರಡು ದಿನ ಒಪ್ಪಲಿಲ್ಲ, ಮೂರನೆಯ ದಿನ ಬಿಟ್ಟುಕೊಟ್ಟ ಎನ್ನುತ್ತಾನೆ ಪ್ಲುಟಾರ್ಕ್. ಕ್ರಿ.ಪೂ. 43ರ ಡಿಸೆಂಬರ್ 7ರಂದು ಸಿಸೆರೊನ ಕೊಲೆಯಾಯಿತು. ಅವನ ತಲೆಯನ್ನೂ ಕೈಯನ್ನೂ ರೋಮಿನ ಫೋರಮ್‌ನಲ್ಲಿ, ಅವನು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆಯೇ ತೂಗುಹಾಕಿದರು. ಚಿಕ್ಕಪ್ಪ ಕ್ವಿಂಟಸ್‌ನನ್ನೂ, ಕಡಿವಾಣ ಬೇಕಿದ್ದ ಅವನ ಮಗನನ್ನೂ ಕೊಂದರು. ಮಾರ್ಕಸ್ ಉಳಿದದ್ದು ಬ್ರೂಟಸ್‌ನ ಸೈನ್ಯದಲ್ಲಿ ದೂರವಿದ್ದುದರಿಂದ. ಮರುವರ್ಷ ಫಿಲಿಪ್ಪೈ ಕದನದಲ್ಲಿ ಬ್ರೂಟಸ್ ಸೋತು ಸತ್ತ ಮೇಲೂ ಅವನು ಶರಣಾಗದೆ, ಸಿಸಿಲಿಯಲ್ಲಿ ನೆಲೆನಿಂತಿದ್ದ ಪಾಂಪೆಯ ಮಗ ಸೆಕ್ಸ್‌ಟಸ್‌ನನ್ನು ಸೇರಿಕೊಂಡ. ಕ್ರಿ.ಪೂ. 39ರ ಮಿಸೇನಮ್ ಒಪ್ಪಂದ ದೇಶಭ್ರಷ್ಟರಿಗೆ ಕ್ಷಮೆ ಕೊಟ್ಟಾಗ ರೋಮಿಗೆ ಮರಳಿದ.

ಆಗಿನ್ನೂ ಆಂಟನಿ ಮತ್ತು ಆಕ್ಟೇವಿಯನ್ ಜೊತೆಗಾರರು. ಮುಂದೆ ಅವರಿಬ್ಬರೂ ಎದುರಾಳಿಗಳಾದಾಗ ಮಾರ್ಕಸ್‌ನ ಬೆಲೆ ಏರಿತು. ಆಂಟನಿಯನ್ನು ಕುಡುಕ, ಲಂಪಟ, ದೇಶದ್ರೋಹಿ ಎಂದು ಜರೆದ ಹದಿನಾಲ್ಕು ಭಾಷಣಗಳನ್ನು ಸಿಸೆರೊ ಬಿಟ್ಟುಹೋಗಿದ್ದ. ಆಕ್ಟೇವಿಯನ್‌ಗೆ ಸಿದ್ಧ ಅಡುಗೆ. ಆದರೆ ಒಂದು ತೊಡಕು: ಸಿಸೆರೊನ ಕೊಲೆಯ ಪಟ್ಟಿಗೆ ಅವನ ಒಪ್ಪಿಗೆಯೂ ಇತ್ತು. ಆ ಕಲೆಯನ್ನು ತೊಳೆಯಲು ಸಿಸೆರೊನ ಮಗನೇ ಪಕ್ಕದಲ್ಲಿ ನಿಲ್ಲುವುದಕ್ಕಿಂತ ಒಳ್ಳೆಯ ಉಪಾಯ ಯಾವುದಿತ್ತು? ಮೊದಲು ಪುರೋಹಿತ ಪದವಿ ಕೊಟ್ಟ ಎನ್ನುತ್ತಾನೆ ಇತಿಹಾಸಕಾರ ಅಪ್ಪಿಯನ್. ಬಳಿಕ, ಕ್ರಿ.ಪೂ. 30ರ ಸೆಪ್ಟೆಂಬರ್ 13ರಿಂದ ತನ್ನ ಜೊತೆ ಕಾನ್ಸಲ್ ಮಾಡಿಕೊಂಡ. ಅದು ಪೂರ್ಣಾವಧಿಯ ಹುದ್ದೆಯಲ್ಲ. ಆ ಹೊತ್ತಿಗೆ ವರ್ಷದ ನಡುವೆ ಕಾನ್ಸಲರನ್ನು ಬದಲಿಸುವುದು ರೂಢಿಯಾಗಿತ್ತು. ನವೆಂಬರ್ ಆರಂಭಕ್ಕೆ ಮಾರ್ಕಸ್‌ನ ಜಾಗಕ್ಕೆ ಇನ್ನೊಬ್ಬ ಬಂದ.

ಆದರೆ ಆ ಕೆಲವು ವಾರಗಳ ಆಯ್ಕೆ ಕಣ್ಣುಮುಚ್ಚಿ ಮಾಡಿದ್ದಲ್ಲ. ಆಗಸ್ಟ್ 1ರಂದು ಆಂಟನಿ ಅಲೆಕ್ಸಾಂಡ್ರಿಯಾದಲ್ಲಿ ಸತ್ತಿದ್ದ. ಆ ಸುದ್ದಿ ರೋಮ್ ತಲುಪಿದಾಗ ಕಾನ್ಸಲ್ ಆಗಿದ್ದವನು ಸಿಸೆರೊನ ಮಗ ಎಂಬುದನ್ನು ಇನ್ನೊಬ್ಬ ಇತಿಹಾಸಕಾರ ಡಿಯೊ ಕ್ಯಾಸಿಯಸ್ ಗಮನಿಸುತ್ತಾನೆ. ಅಪ್ಪಿಯನ್‌ನ ಪ್ರಕಾರ, ವಿಜಯದ ಪತ್ರವನ್ನು ಮಾರ್ಕಸ್ ಜನರಿಗೆ ಓದಿಹೇಳಿ, ಅಪ್ಪನ ತಲೆ ತೂಗಿದ್ದ ವೇದಿಕೆಯ ಮೇಲೆಯೇ ಅದನ್ನು ಅಂಟಿಸಿದ. ಅದು ಆಂಟನಿ ಸೋತ ಆಕ್ಟಿಯಮ್ ನೌಕಾಯುದ್ಧದ ಪತ್ರವೆಂದು ಅಪ್ಪಿಯನ್ ಹೇಳುವುದು ಹೊಂದುವುದಿಲ್ಲ; ಆ ಯುದ್ಧ ನಡೆದದ್ದು ಒಂದು ವರ್ಷ ಮೊದಲು, ಮಾರ್ಕಸ್ ಕಾನ್ಸಲ್ ಆಗಿರದ ಕಾಲದಲ್ಲಿ. ಅಲೆಕ್ಸಾಂಡ್ರಿಯಾದ ಸುದ್ದಿ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಅವನ ಅಧಿಕಾರಾವಧಿಯಲ್ಲೇ ಸೆನೆಟ್ ಆಂಟನಿಯ ಪ್ರತಿಮೆಗಳನ್ನು ಕೆಡವಿಸಿತು, ಗೌರವಗಳನ್ನು ರದ್ದು ಮಾಡಿತು, ಆ ವಂಶದಲ್ಲಿ ಇನ್ನು ಯಾರೂ ಮಾರ್ಕಸ್ ಎಂಬ ಹೆಸರಿಡಬಾರದೆಂದು ನಿರ್ಣಯಿಸಿತು. ಆಂಟನಿಗೆ ಕೊನೆಯ ಶಿಕ್ಷೆ ವಿಧಿಸುವ ಕೆಲಸವನ್ನು ದೈವ ಸಿಸೆರೊನ ಮನೆತನಕ್ಕೇ ಬಿಟ್ಟಿತು ಎಂದು ಪ್ಲುಟಾರ್ಕ್ ಕೈಮುಗಿಯುತ್ತಾನೆ. ದೈವವಲ್ಲ, ಆಕ್ಟೇವಿಯನ್ ಎನ್ನುವುದು ನನ್ನ ಎಣಿಕೆ.

ಹಾಗಾದರೆ ಕಿರಿಯ ಸೆನೆಕಾನ ಪ್ರಶ್ನೆಯನ್ನು ತುಸು ತಿದ್ದಬೇಕು. ಮಾರ್ಕಸ್‌ನನ್ನು ಕಾನ್ಸಲ್ ಮಾಡಿದ್ದು ಅಪ್ಪನ ಪ್ರತಿಭೆಗಿಂತ ಹೆಚ್ಚಾಗಿ ಅಪ್ಪನ ಕೊಲೆ, ಮತ್ತು ಆ ಕೊಲೆಯಲ್ಲಿ ಪಾಲಿದ್ದವನ ರಾಜಕೀಯ ಅಗತ್ಯ. ಆದರೆ ಕಾನ್ಸಲ್ ಗಿರಿಯ ಆಚೆಗೂ ಒಂದಷ್ಟಿದೆ. ಅವನು ಸಿರಿಯಾದ ಗವರ್ನರ್ ಆಗಿದ್ದನೆಂದು ಅಪ್ಪಿಯನ್ ಹೇಳುತ್ತಾನೆ. ಪಾರ್ಥಿಯನ್ನರ ಗಡಿಗೆ ತಾಗಿದ, ಸೈನ್ಯ ತುಂಬಿದ ಪ್ರಾಂತ್ಯ ಅದು. ಏಷ್ಯಾ ಪ್ರಾಂತ್ಯವನ್ನೂ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಆಳಿದ. ಒಮ್ಮೆ ಚಿಕ್ಕಪ್ಪ ಕ್ವಿಂಟಸ್ ಆಳಿದ್ದ ಶ್ರೀಮಂತ ಪ್ರಾಂತ್ಯ. ತೋರಿಕೆಗಷ್ಟೇ ಬೇಕಿದ್ದ ಗೊಂಬೆಯಾಗಿದ್ದರೆ ಎರಡು ತಿಂಗಳಿನ ಪದವಿ ಸಾಕಾಗುತ್ತಿತ್ತು, ಗಡಿನಾಡನ್ನು ಅವನ ಕೈಗೆ ಕೊಡಬೇಕಿರಲಿಲ್ಲ.

ಈಗ ಕುಡಿತದ ಸಾಕ್ಷಿಗಳಿಗೆ ಬರೋಣ. ಪ್ಲಿನಿ ಆ ಕಥೆಯನ್ನು ತಾನು ಕಂಡದ್ದೆಂದು ಹೇಳುವುದಿಲ್ಲ, ಟೆರ್ಗಿಲ್ಲಾ ಎಂಬಾತ ಹೊರಿಸಿದ ಆರೋಪವೆಂದು ಹೇಳುತ್ತಾನೆ. ಅಂದರೆ ಇದು ಎದುರಾಳಿಯ ಮಾತು. ಅದರ ಜೊತೆಗೆ ಪ್ಲಿನಿಗೆ ಒಂದು ಚಮತ್ಕಾರದ ಸಾಲು ಬೇಕಿತ್ತು: ಅಪ್ಪನನ್ನು ಕೊಂದ ಆಂಟನಿಯಿಂದ ಕುಡುಕರ ಪಟ್ಟವನ್ನು ಕಿತ್ತುಕೊಳ್ಳಲು ಮಗ ಹೊರಟ! ಆಂಟನಿ ತನ್ನ ಕುಡಿತದ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ್ದನೆಂದೂ ಅಲ್ಲಿಯೇ ಹೇಳುತ್ತಾನೆ. ಕುಡುಕ ಎಂಬುದು ಆ ಕಾಲದ ರಾಜಕೀಯದಲ್ಲಿ ಸುಲಭಕ್ಕೆ ಸಿಗುವ ಕಲ್ಲು. ಅದನ್ನು ಆಂಟನಿಯ ಮೇಲೆ ಗುರಿಯಿಟ್ಟು ಬೀಸಿದವನೇ ಸಿಸೆರೊ. ಹಾಗೆಂದು ಮಾರ್ಕಸ್ ಮದ್ಯ ಮುಟ್ಟದ ಸಾಧುವೆಂದು ನಾನು ವಾದಿಸುವುದಿಲ್ಲ. ಗೋರ್ಗಿಯಾಸ್‌ನ ಕಾಲದಿಂದಲೇ ದೂರು ಇತ್ತು, ಹೊಗೆಯ ಹಿಂದೆ ಬೆಂಕಿಯೂ ಇದ್ದಿರಬೇಕು. ಆದರೆ ಕುಡಿಯುತ್ತಿದ್ದ ಎನ್ನುವುದು ಬೇರೆ, ಕುಡಿದದ್ದೇ ಅವನ ಚರಿತ್ರೆ ಎನ್ನುವುದು ಬೇರೆ.

ಹಿರಿಯ ಸೆನೆಕಾನ ಕಥೆ ಇನ್ನೂ ಸ್ವಾರಸ್ಯದ್ದು. ಏಷ್ಯಾದಲ್ಲಿ ಗವರ್ನರ್ ಮಾರ್ಕಸ್‌ನ ಔತಣಕ್ಕೆ ಸೆಸ್ಟಿಯಸ್ ಎಂಬ ಭಾಷಣದ ಮೇಷ್ಟರು ಬಂದಿದ್ದ. ಸಿಸೆರೊನ ಭಾಷಣಗಳಿಗೆ ಪ್ರತ್ಯುತ್ತರ ಬರೆದು ತಾನೇ ಮೇಲೆಂದು ಮೆರೆಯುತ್ತಿದ್ದವನು. ಕೆಳಗಿನ ಸಾಲಿನಲ್ಲಿ ಕುಳಿತ ಆತ ಯಾರೆಂದು ಮಾರ್ಕಸ್ ಮತ್ತೆ ಮತ್ತೆ ಕೇಳಿ ಮತ್ತೆ ಮತ್ತೆ ಮರೆತ. ಕೊನೆಗೆ ಸೇವಕ, ನೆನಪಿನಲ್ಲಿ ಉಳಿಯಲೆಂದು, ‘ನಿಮ್ಮ ತಂದೆಗೆ ಅಕ್ಷರವೇ ಬಾರದು ಎಂದವನು’ ಎಂದ. ಕೂಡಲೇ ಮಾರ್ಕಸ್ ಚಾವಟಿ ತರಿಸಿ ಸೆಸ್ಟಿಯಸನಿಗೆ ಹೊಡೆಸಿದ. ಇದನ್ನು ಎಲ್ಲರೂ ಮಗನ ಮರೆವಿಗೂ ಒರಟುತನಕ್ಕೂ ಉದಾಹರಣೆಯಾಗಿ ಹೇಳುತ್ತಾರೆ. ಆದರೆ ಹಿರಿಯ ಸೆನೆಕಾ ನಡುವೆ ಸೇರಿಸಿದ ಪುಟ್ಟ ಮಾತನ್ನು ಬಿಟ್ಟುಬಿಡುತ್ತಾರೆ: ಸೆಸ್ಟಿಯಸ್‌ನ ಚರ್ಮದಿಂದ ಸಿಸೆರೊನಿಗೆ ನ್ಯಾಯ ಸಂದಿತು, ‘ಅದು ಆಗಬೇಕಾದದ್ದೇ’. ಕಥೆ ಹೇಳಿದವನು ಮಗನ ಪಕ್ಷದಲ್ಲಿದ್ದ!

ಏಷ್ಯಾದ ನಂತರ ದಾಖಲೆಗಳಲ್ಲಿ ಮಾರ್ಕಸ್‌ನ ಸುಳಿವಿಲ್ಲ. ಆದರೆ ಆ ಪ್ರಾಂತ್ಯದ ಮ್ಯಾಗ್ನೀಷಿಯಾ ಪಟ್ಟಣ ಟಂಕಿಸಿದ ಕಂಚಿನ ನಾಣ್ಯವೊಂದು ಉಳಿದಿದೆ. ಅದರ ಮೇಲೆ ಒಂದು ಮುಖ, ಸುತ್ತಲೂ ಗ್ರೀಕ್ ಅಕ್ಷರಗಳಲ್ಲಿ ‘ಮಾರ್ಕಸ್ ಟುಲಿಯಸ್ ಸಿಸೆರೊ’ ಎಂಬ ಹೆಸರು. ಹೆಸರು ಇಬ್ಬರಿಗೂ ಒಂದೇ ಆದ್ದರಿಂದ ಅದು ಲೋಕಪ್ರಸಿದ್ಧ ಅಪ್ಪನ ಚಿತ್ರವೆಂದು ಕೆಲವರು, ಗವರ್ನರ್ ಆಗಿದ್ದ ಮಗನದೆಂದು ಕೆಲವರು ವಾದಿಸುತ್ತ ಬಂದಿದ್ದಾರೆ. ಅಗಸ್ಟಸ್‌ನ (ಆಕ್ಟೇವಿಯನ್ ಮುಂದೆ ಪಡೆದ ಹೆಸರು ಇದು) ಕಾಲದಲ್ಲಿ ಏಷ್ಯಾದ ಪಟ್ಟಣಗಳು ತಮ್ಮ ಗವರ್ನರರ ಮುಖವನ್ನು ನಾಣ್ಯಕ್ಕೆ ಹಾಕಿದ ಬೇರೆ ಉದಾಹರಣೆಗಳೂ ಇವೆ. ಸತ್ತು ವರ್ಷಗಳಾಗಿದ್ದ ವಾಗ್ಮಿಗಿಂತ ಎದುರಿಗಿದ್ದ ಅಧಿಕಾರಿಯನ್ನು ಮೆಚ್ಚಿಸುವುದು ಪಟ್ಟಣಕ್ಕೆ ಹೆಚ್ಚು ಲಾಭದ ವಿಷಯ. ನನ್ನ ಮತ ಮಗನಿಗೆ.